ಕಾರು ತರದವರೂ ಕೊಡುವ ಪಾರ್ಕಿಂಗ್ ದುಡ್ಡು

ಹೋದ ತಿಂಗಳು ಈ ಅಂಕಣದಲ್ಲಿ ಟೈಮ್‌ಶೇರ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿರುವ ನಮ್ಮವರದು. ಅದರಲ್ಲೂ ಸುಮಾರು ಜನ ಒಂದೇ ವಿಷಯ ಹಿಡಿದುಕೊಂಡಿದ್ದಾರೆ: ರೆಸಾರ್ಟ್‌ನವರು ‘ಓನರ್‌ಗಳಿಗೆ ಫ್ರೀ’ ಅಂತ ಕೊಡುವ ವ್ಯಾಲೆಟ್ ಪಾರ್ಕಿಂಗ್. ಬಾಗಿಲಲ್ಲಿ ಕೀ ಕೊಟ್ಟರೆ ಹುಡುಗರು ಕಾರು ಒಯ್ದು ನಿಲ್ಲಿಸುತ್ತಾರೆ, ಬೇಕಾದಾಗ ತಂದು ಕೊಡುತ್ತಾರಲ್ಲ, ಅದು. ಟೈಮ್‌ಶೇರ್ ಅಂದರೆ ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ರೆಸಾರ್ಟ್ ರೂಮನ್ನು ವರ್ಷದ ವಾರಗಳಾಗಿ ಹಂಚಿ ಮಾರುತ್ತಾರೆ. ನೀವು ಒಂದು ವಾರ ಕೊಂಡಿರಿ ಅಂದರೆ ಪ್ರತಿ ವರ್ಷ ಆ ವಾರ ನಿಮ್ಮದು. ಈಗೀಗ ವಾರದ ಬದಲು ಪಾಯಿಂಟ್ ಲೆಕ್ಕದಲ್ಲಿ ಮಾರುವುದೇ ಜಾಸ್ತಿ, ವರ್ಷಕ್ಕೆ ಇಷ್ಟು ಪಾಯಿಂಟ್ ಅಂತ ಕೊಡುತ್ತಾರೆ, ಅದನ್ನು ಖರ್ಚು ಮಾಡಿ ರೂಮ್ ತೆಗೆದುಕೊಳ್ಳಬೇಕು. ಹೇಗೆ ಕೊಂಡರೂ ವರ್ಷ ವರ್ಷ ಮೇಂಟೆನೆನ್ಸ್ ಕಟ್ಟಬೇಕು. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು.

ನಾನೂ ನಮ್ಮ ಮನೆಯವರೂ ಫ್ಲಾರಿಡಾದಲ್ಲಿ 11 ವರ್ಷ ಇದ್ದೆವು. ನಮ್ಮ ಹೆಸರಲ್ಲೂ ಅಂಥದ್ದೊಂದು ವಾರ ಇತ್ತು. ಹಾಗಾಗಿ ಈ ಪತ್ರಗಳನ್ನು ಓದುವಾಗ ನನಗೆ ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಾಯಿತು.

ಪ್ರಶ್ನೆ: ನಮಗೆ ಫ್ಲಾರಿಡಾದ ಒರ್ಲ್ಯಾಂಡೋದಲ್ಲಿ ಒಂದು ವಾರದ ಟೈಮ್‌ಶೇರ್ ಇದೆ. ತೆಗೆದುಕೊಂಡು 9 ವರ್ಷ ಆಯ್ತು. ನಾವು ವಿಮಾನದಲ್ಲಿ ಹೋಗುತ್ತೇವೆ, ಅಲ್ಲಿ ಟ್ಯಾಕ್ಸಿಯಲ್ಲೇ ಓಡಾಡುತ್ತೇವೆ, ಕಾರಿನ ಸಹವಾಸವೇ ಇಲ್ಲ. ಈ ವರ್ಷ ಮೇಂಟೆನೆನ್ಸ್ ಮತ್ತೆ ಏರಿದೆ. ಫೋನ್ ಮಾಡಿ ಕೇಳಿದರೆ ವ್ಯಾಲೆಟ್ ಏಜೆನ್ಸಿಯವರು ರೇಟ್ ಏರಿಸಿದ್ದಾರೆ ಅಂದರು. ಮಾರುವಾಗ ವ್ಯಾಲೆಟ್ ಓನರ್‌ಗಳಿಗೆ ಫ್ರೀ ಅಂದಿದ್ದರಲ್ಲ, ಮತ್ತೆ ಇದೇನು?
*– ಓದುಗರು, ಶಿಕಾಗೋ*

ಮೇಡಂ, ನೀವು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್‌ನಲ್ಲಿ ಇದ್ದಿದ್ದರೆ ಈ ಜಗಳ ನಿಮಗೆ ಹೊಸದಾಗಿ ಕಾಣುತ್ತಿರಲಿಲ್ಲ. ಗ್ರೌಂಡ್ ಫ್ಲೋರ್‌ನವರು ಲಿಫ್ಟ್ ಖರ್ಚು ಯಾಕೆ ಕೊಡಬೇಕು ಅನ್ನುವ ಜಗಳವೇ ಇದು. ಲಿಫ್ಟ್ ಹತ್ತುವಾಗ ಯಾರೂ ಟಿಕೆಟ್ ಕೇಳುವುದಿಲ್ಲ. ಹಾಗಂತ ಅದು ಫ್ರೀ ಅಲ್ವಲ್ಲ. ಕರೆಂಟು, ಸರ್ವಿಸ್, ಹಗ್ಗ ಬದಲಾಯಿಸುವ ಖರ್ಚು ಎಲ್ಲ ಸೇರಿ ತಿಂಗಳ ಮೇಂಟೆನೆನ್ಸ್ ಬಿಲ್ಲಿನಲ್ಲಿ ಬರುತ್ತದೆ, ಎಲ್ಲರ ಮನೆಗೂ ಬರುತ್ತದೆ. ನಿಮ್ಮ ವ್ಯಾಲೆಟ್ ಕಥೆಯೂ ಅದೇ. ಬಾಗಿಲಲ್ಲಿ ದುಡ್ಡು ಕೇಳುವುದಿಲ್ಲ ಅನ್ನುವುದು ನಿಜ. ಆದರೆ ವರ್ಷದ ಮೇಂಟೆನೆನ್ಸ್ ಜೊತೆ ಜನವರಿಯಲ್ಲೇ ಕಟ್ಟಿಸಿಕೊಂಡಿರುತ್ತಾರೆ.

ಎಷ್ಟು ಬೀಳಬಹುದು ಅಂತ ಒಂದು ಅಂದಾಜು ಹಾಕೋಣ. ಇದು ಯಾವ ರೆಸಾರ್ಟಿನ ಲೆಕ್ಕವೂ ಅಲ್ಲ, ವಿಷಯ ತಿಳಿಯಲಿ ಅಂತ ನಾನೇ ಹಾಕಿದ್ದು. ಬಾಗಿಲಲ್ಲಿ ಹಗಲೂ ರಾತ್ರಿ ಇಬ್ಬರು ಇರಬೇಕು ಅಂದುಕೊಳ್ಳಿ. ವಾರಕ್ಕೆ 168 ಗಂಟೆ, ಇಬ್ಬರಿಗೆ 336 ಗಂಟೆ. ಏಜೆನ್ಸಿ ಗಂಟೆಗೆ 20 ಡಾಲರ್ ಅಂತ ಬಿಲ್ ಮಾಡಿದರೆ ವಾರಕ್ಕೆ 6,720 ಡಾಲರ್, ವರ್ಷಕ್ಕೆ ಸುಮಾರು 3.5 ಲಕ್ಷ ಡಾಲರ್ ಆಯ್ತು. ಅದರ ಮೇಲೆ ಇನ್ಶೂರೆನ್ಸ್ ಬೇಕು. ಬೇರೆಯವರ ಕಾರು ಓಡಿಸುವ ಕೆಲಸ, ಗೀಚಿದರೆ ಗುದ್ದಿದರೆ ಯಾರಾದರೂ ಕೊಡಬೇಕಲ್ಲ. ಶನಿವಾರ ಜನ ಜಾಸ್ತಿ, ಆಗ ಇನ್ನಿಬ್ಬರು ಬೇಕು. ಎಲ್ಲ ಸೇರಿ 4.5 ಲಕ್ಷ ಅಂತಿಟ್ಟುಕೊಳ್ಳಿ. ರೆಸಾರ್ಟ್‌ನಲ್ಲಿ 200 ರೂಮ್ ಇದ್ದರೆ ವರ್ಷಕ್ಕೆ 10,400 ವಾರ. ಹಂಚಿದರೆ ಒಂದೊಂದು ವಾರಕ್ಕೆ 43 ಡಾಲರ್ ಬಿತ್ತು. ಕಾರು ತಂದವರಿಗೂ 43, ನಿಮಗೂ 43, ಆ ವರ್ಷ ಅಮ್ಮನಿಗೆ ಹುಷಾರಿಲ್ಲ ಅಂತ ಊರಿಗೆ ಬಂದು ರೆಸಾರ್ಟ್ ಕಡೆ ತಲೆ ಹಾಕದೇ ಇದ್ದವರಿಗೂ 43.

ಒಂದು ವರ್ಷಕ್ಕೆ ನೋಡಿದರೆ ದೊಡ್ಡ ಮೊತ್ತ ಅನ್ನಿಸುವುದಿಲ್ಲ. ಆದರೆ ಇದು ನಿಲ್ಲುವ ಖರ್ಚಲ್ಲ. ವರ್ಷಕ್ಕೆ ನೂರಕ್ಕೆ 4ರಂತೆ ಏರುತ್ತಾ ಹೋದರೆ 20 ವರ್ಷಕ್ಕೆ ಹತ್ತಿರ ಹತ್ತಿರ 1,280 ಡಾಲರ್ ಆಗುತ್ತದೆ. ಬರೀ ಕೀ ಕೊಟ್ಟು ಕೀ ತೆಗೆದುಕೊಳ್ಳುವ ಕೆಲಸಕ್ಕೆ, ಅದೂ ನೀವು ಮಾಡದ ಕೆಲಸಕ್ಕೆ. ಲಾಬಿಯ ಕಾಫಿ, ಮಕ್ಕಳ ಆಟದ ಕಾರ್ಯಕ್ರಮ, ಏರ್‌ಪೋರ್ಟ್ ಬಸ್ಸು, ಇವೆಲ್ಲ ಹೀಗೇ ಒಂದೊಂದಾಗಿ ಬಂದು ಕೂತಿರುತ್ತವೆ. ಯಾವುದನ್ನೂ ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಈಗ ನೀವು ಮಾಡಬೇಕಾದ್ದು. ಫೋನಲ್ಲಿ ಕೇಳಿದ್ದನ್ನು ನಂಬಬೇಡಿ, ಬಜೆಟ್ ಕೇಳಿ. ಫ್ಲಾರಿಡಾದಲ್ಲಿ ಟೈಮ್‌ಶೇರ್‌ಗೆಂದೇ ಕಾನೂನು ಇದೆ, ಅಲ್ಲಿನ ಕಾನೂನು ಪುಸ್ತಕದ 721ನೇ ಅಧ್ಯಾಯ. ರೆಸಾರ್ಟ್ ನಡೆಸುವವರು ಪ್ರತಿ ವರ್ಷ ಖರ್ಚು ವೆಚ್ಚ ಬಿಡಿಸಿ ಬರೆದ ಬಜೆಟ್ಟನ್ನು ಓನರ್‌ಗಳಿಗೆ ಕೊಡಬೇಕು ಅಂತ ಅದರಲ್ಲಿದೆ. ಆ ಕಾಗದದಲ್ಲಿ ‘ವ್ಯಾಲೆಟ್’ ಅನ್ನುವ ಪದ ಕಾಣದೇ ಇರಬಹುದು. ನಮಗೆ ಬರುತ್ತಿದ್ದ ಬಜೆಟ್‌ನಲ್ಲಿ ಅದು ‘ಗೆಸ್ಟ್ ಸರ್ವಿಸಸ್’ ಅನ್ನುವ ಸಾಲಿನ ಒಳಗೆ ಸೇರಿತ್ತು. ಮೂರು ವರ್ಷದ ಬಜೆಟ್ ಪಕ್ಕಪಕ್ಕ ಇಟ್ಟು ನೋಡಿದಾಗ ಆ ಒಂದು ಸಾಲು ಮಾತ್ರ ಬೇರೆಯವಕ್ಕಿಂತ ಜೋರಾಗಿ ಏರಿದ್ದು ಕಂಡಿತು. ನಾನು ಬರೆದು ಕೇಳಿದೆ, ಈ ಸಾಲಿನಲ್ಲಿ ಏನೇನು ಸೇರಿದೆ, ವ್ಯಾಲೆಟ್ ಒಂದಕ್ಕೆ ಎಷ್ಟು ಅಂತ. ಉತ್ತರ ಬರಲು ಎರಡು ತಿಂಗಳು ಹಿಡಿಯಿತು, ಆದರೆ ಬಂತು. ನೀವೂ ಬರೆದು ಕೇಳಿ.

ಉತ್ತರ ಬಂದ ಮೇಲೆ ಓನರ್‌ಗಳ ವಾರ್ಷಿಕ ಸಭೆಗೆ ಒಂದು ಪ್ರಶ್ನೆ ಕಳಿಸಿ: ಬೇಕಾದವರು ಅಲ್ಲೇ ದುಡ್ಡು ಕೊಟ್ಟು ವ್ಯಾಲೆಟ್ ಬಳಸಲಿ, ತಾವೇ ನಿಲ್ಲಿಸುವವರಿಗೆ ಜಾಗ ಬಿಡಿ, ಹಾಗೆ ಮಾಡಲು ಆಗುತ್ತದಾ? ಕೆಲವು ಕಡೆ ಆಗುವುದಿಲ್ಲ. ಸಮುದ್ರದ ದಂಡೆಯಲ್ಲಿ ಜಾಗ ಇಕ್ಕಟ್ಟು, ಒಂದರ ಹಿಂದೆ ಒಂದು ಕಾರು ಒತ್ತಿ ನಿಲ್ಲಿಸಬೇಕು, ಆಗ ವ್ಯಾಲೆಟ್ ಬಿಟ್ಟರೆ ದಾರಿಯೇ ಇಲ್ಲ. ಒರ್ಲ್ಯಾಂಡೋದಲ್ಲಿ ಎಷ್ಟೋ ರೆಸಾರ್ಟ್‌ಗಳಿಗೆ ಆ ಕಷ್ಟ ಇಲ್ಲ, ಬಯಲಿನಂಥ ಪಾರ್ಕಿಂಗ್ ಇರುತ್ತದೆ.

ನಮ್ಮ ಮಾವನವರು ಹಾಸನದಿಂದ ಬಂದಿದ್ದಾಗ ಒಂದು ಶನಿವಾರ ನಾವು ಹೊರಡುತ್ತಿದ್ದೆವು. ಬೆಳಿಗ್ಗೆ 10 ಗಂಟೆ, ಎಲ್ಲರೂ ರೂಮ್ ಖಾಲಿ ಮಾಡುವ ಹೊತ್ತು. ಪೋರ್ಟಿಕೋ ತುಂಬ ಸೂಟ್‌ಕೇಸು, ಅಳುವ ಮಕ್ಕಳು, ಹಲಗೆಯ ಮೇಲೆ ಸಾಲಾಗಿ ನೇತು ಹಾಕಿದ ಕೀಗಳು, ಒಂದೊಂದಕ್ಕೂ ಅರ್ಧ ಹರಿದ ಚೀಟಿ. ಹುಡುಗರು ಆ ಬಿಸಿಲಲ್ಲಿ ಓಡಿ ಓಡಿ ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ನಾವು ಚೀಟಿ ಹಿಡಿದುಕೊಂಡು 35 ನಿಮಿಷ ನಿಂತೆವು. ಮಾವನವರು ಹೂಕುಂಡದ ಕಟ್ಟೆಯ ಮೇಲೆ ಕೂತು ಎದುರಿಗೆ ನೋಡುತ್ತಿದ್ದವರು, “ಅಲ್ಲೇ ಕಾಣ್ತಿದೆಯಲ್ಲಮ್ಮ ನಿಮ್ಮ ಕಾರು. ನಾವೇ ಹೋಗಿ ತರಬಾರದಾ?” ಅಂದರು. ತರುವ ಹಾಗಿರಲಿಲ್ಲ, ಕೀ ಅವರ ಹಲಗೆಯಲ್ಲಿತ್ತು. ಆ ದಿನದಿಂದ ನನಗೆ ಈ ಸೌಕರ್ಯದ ಬೆಲೆಯ ಬಗ್ಗೆ ಯೋಚನೆ ಶುರುವಾದದ್ದು.

ಪ್ರಶ್ನೆ: ಹತ್ತು ಸಾವಿರ ಚಿಲ್ಲರೆ ಡಾಲರ್ ಕೊಟ್ಟು ಮೇಲಿನ ಮೆಂಬರ್‌ಶಿಪ್‌ಗೆ ಹೋದರೆ ವ್ಯಾಲೆಟ್ ಫ್ರೀ, ರೂಮ್ ಬೇಗ ಸಿಗುತ್ತದೆ, ಇನ್ನೂ ಏನೇನೋ ಅಂದರು. ಒರ್ಲ್ಯಾಂಡೋದಲ್ಲಿ ಮೊನ್ನೆ ಸಹಿ ಮಾಡಿ ಬಂದೆ. 12,000 ಡಾಲರ್. ಮನೆಗೆ ಬಂದ ಮೇಲೆ ನಿದ್ದೆ ಬರುತ್ತಿಲ್ಲ. ಹೆಂಡತಿಗೆ ಇನ್ನೂ ಪೂರ್ತಿ ಹೇಳಿಲ್ಲ.
*– ಓದುಗರು, ಡಾಲಸ್*

ಇವರ ಪತ್ರ ಬಂದ ದಿನವೇ ಅವರಿಗೆ ನೇರವಾಗಿ ಉತ್ತರ ಕಳಿಸಿದ್ದೆ, ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಅಲ್ಲ ಇದು. ಇದೇ ಪರಿಸ್ಥಿತಿಯಲ್ಲಿ ಬೇರೆಯವರೂ ಇರಬಹುದು ಅಂತ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

ಸರ್, ಮೊದಲು ಕ್ಯಾಲೆಂಡರ್ ನೋಡಿ. ಫ್ಲಾರಿಡಾದಲ್ಲಿ ಟೈಮ್‌ಶೇರ್ ಒಪ್ಪಂದಕ್ಕೆ ಸಹಿ ಮಾಡಿದ ಮೇಲೆ 10 ದಿನದ ಒಳಗೆ ಅದನ್ನು ರದ್ದು ಮಾಡಬಹುದು. ದಂಡ ಇಲ್ಲ, ಕಾರಣ ಹೇಳಬೇಕಾಗಿಯೂ ಇಲ್ಲ. ಸಹಿ ಮಾಡಿದ ದಿನ ಮತ್ತು ಕೊನೆಯ ಕಾಗದಪತ್ರ ನಿಮ್ಮ ಕೈಗೆ ಬಂದ ದಿನ, ಎರಡರಲ್ಲಿ ಯಾವುದು ಆಮೇಲಿನದೋ ಅಲ್ಲಿಂದ ಲೆಕ್ಕ. ನಾನು ಆ ಹಕ್ಕು ಬಿಟ್ಟುಕೊಟ್ಟಿದ್ದೇನೆ ಅಂತ ಯಾವುದೋ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರೂ ಅದು ನಡೆಯುವುದಿಲ್ಲ. ಆದರೆ ಬರೆದು ಕಳಿಸಬೇಕು, ಫೋನ್ ಮಾಡಿದರೆ ಸಾಲದು. ಎಲ್ಲಿಗೆ, ಯಾರ ಹೆಸರಿಗೆ ಅಂತ ಒಪ್ಪಂದದಲ್ಲೇ ಅಚ್ಚಾಗಿರುತ್ತದೆ. ರಸೀದಿ ಸಿಗುವ ಟಪಾಲಿನಲ್ಲಿ ಕಳಿಸಿ, ರಸೀದಿ ಜೋಪಾನವಾಗಿಡಿ. ನೀವು ಕಳಿಸಿದ ದಿನವೇ ಲೆಕ್ಕಕ್ಕೆ, ಅವರಿಗೆ ತಲುಪಿದ ದಿನ ಅಲ್ಲ. ಬೇರೆ ಎಷ್ಟೋ ರಾಜ್ಯಗಳಲ್ಲಿ ಇಷ್ಟು ದಿನ ಸಿಗುವುದಿಲ್ಲ. ಕ್ಯಾಲಿಫೋರ್ನಿಯಾ, ಹವಾಯಿಯಲ್ಲಿ 7 ದಿನ, ಲಾಸ್ ವೇಗಸ್ ಇರುವ ನೆವಾಡಾದಲ್ಲಿ 5 ದಿನ.

ಇನ್ನು ಲೆಕ್ಕ. ವ್ಯಾಲೆಟ್‌ಗೆ ದಿನಕ್ಕೆ 40 ಡಾಲರ್ ಅಂದುಕೊಂಡರೂ, ವರ್ಷಕ್ಕೆ 7 ರಾತ್ರಿ ಹೋದರೆ 280 ಡಾಲರ್ ಉಳಿತಾಯ. 12,000 ವಾಪಸ್ ಬರಲು ಹತ್ತಿರ ಹತ್ತಿರ 43 ವರ್ಷ ಬೇಕು. ಮೇಲಿನ ಮೆಂಬರ್‌ಶಿಪ್ ಅಂದರೆ ಹೆಚ್ಚು ಪಾಯಿಂಟ್, ಪಾಯಿಂಟ್ ಜಾಸ್ತಿ ಆದ ಹಾಗೆ ವರ್ಷದ ಮೇಂಟೆನೆನ್ಸ್ ಕೂಡ ಜಾಸ್ತಿ, ಅದನ್ನು ಸೇರಿಸಿದರೆ ಆ ದುಡ್ಡು ವಾಪಸ್ ಬರುವುದೇ ಇಲ್ಲ. ಸಾಲದಲ್ಲಿ ತೆಗೆದುಕೊಂಡಿದ್ದರೆ ಬಡ್ಡಿ ಬೇರೆ.

ಒಪ್ಪಂದದಲ್ಲಿ ಈ ಸೌಲಭ್ಯಗಳ ಬಗ್ಗೆ ಏನು ಬರೆದಿದೆ ಅಂತ ಹುಡುಕಿ ನೋಡಿ. ಬೆಳಗಿನ ತಿಂಡಿ ಕೊಟ್ಟು ಮೂರು ಗಂಟೆ ಕೂರಿಸಿ ಹೇಳಿದ ಮಾತುಗಳಲ್ಲಿ ಹೆಚ್ಚಿನವು ಅದರಲ್ಲಿ ಇರುವುದಿಲ್ಲ. ಇದ್ದರೂ ಪಕ್ಕದಲ್ಲೇ, ಇವನ್ನು ಯಾವಾಗ ಬೇಕಾದರೂ ಬದಲಾಯಿಸುವ, ನಿಲ್ಲಿಸುವ ಹಕ್ಕು ಕಂಪನಿಗೆ ಇದೆ ಅಂತ ಒಂದು ಸಾಲು ಇರುತ್ತದೆ. ಮೇಂಟೆನೆನ್ಸ್ ಕಟ್ಟುವ ನಿಮ್ಮ ಜವಾಬ್ದಾರಿಯನ್ನು ಮಾತ್ರ ಹಾಗೆ ನಿಲ್ಲಿಸಲು ಬರುವುದಿಲ್ಲ. ಮಾರುವಾಗಲೂ ಇದೇ ತೊಂದರೆ. ದೊಡ್ಡ ಕಂಪನಿಗಳಲ್ಲಿ ಈ ಮೇಲ್ದರ್ಜೆಯ ಸೌಲಭ್ಯ ಕಂಪನಿಯಿಂದಲೇ ನೇರ ಕೊಂಡವರಿಗೆ ಮಾತ್ರ. ನಿಮ್ಮಿಂದ ಕೊಳ್ಳುವವರಿಗೆ ಅದು ಸಿಗುವುದಿಲ್ಲ. ಅವರು ಅದಕ್ಕೆ ಯಾಕೆ ಬೆಲೆ ಕೊಡುತ್ತಾರೆ ಹೇಳಿ? ಹೊಸದಾಗಿ ಕೊಂಡರೆ 20 ಸಾವಿರ ಡಾಲರ್ ದಾಟುವ ವಾರಗಳು ಎರಡನೇ ಕೈಗೆ ಚಿಲ್ಲರೆ ದುಡ್ಡಿಗೆ ಸಿಗುವುದನ್ನು ನಾನೇ ನೋಡಿದ್ದೇನೆ.

ಸೌಲಭ್ಯದ ಬೆಲೆ ಕೊಂಡವರ ಕೈಯಲ್ಲಿ ಇರುವುದಿಲ್ಲ ಅನ್ನುವುದಕ್ಕೆ ಡಿಸ್ನಿಯದ್ದು ಒಳ್ಳೆ ಉದಾಹರಣೆ. ಒರ್ಲ್ಯಾಂಡೋದ ಡಿಸ್ನಿ ಹೋಟೆಲ್‌ಗಳಲ್ಲಿ ರಾತ್ರಿ ಕಾರು ನಿಲ್ಲಿಸಲು 2018ರ ಮಾರ್ಚ್‌ನಿಂದ ದುಡ್ಡು ತೆಗೆದುಕೊಳ್ಳಲು ಶುರು ಮಾಡಿದರು. ಡಿಸ್ನಿ ವೆಕೇಶನ್ ಕ್ಲಬ್ ಅಂತ ಅವರದೇ ಟೈಮ್‌ಶೇರ್ ಇದೆ, 1991ರಿಂದ ಇದೆ. ಆ ಮೆಂಬರ್‌ಗಳು ತಮ್ಮ ಪಾಯಿಂಟ್‌ನಲ್ಲಿ ಉಳಿದುಕೊಂಡರೆ, ತಾವೇ ಕಾರು ನಿಲ್ಲಿಸಿಕೊಂಡರೆ, ಆ ದುಡ್ಡು ಕೊಡಬೇಕಿರಲಿಲ್ಲ. ಒಂದು ಸೌಲಭ್ಯ ತಾನಾಗಿ ಹುಟ್ಟಿಕೊಂಡ ಹಾಗಾಯಿತು. 2023ರ ಜನವರಿಯಲ್ಲಿ ಡಿಸ್ನಿಯವರು ಹೋಟೆಲ್‌ನಲ್ಲಿ ಉಳಿಯುವ ಎಲ್ಲರಿಗೂ ಆ ದುಡ್ಡು ತೆಗೆದುಹಾಕಿದರು. ಜನರಿಗೆ ಒಳ್ಳೆಯದೇ ಆಯ್ತು. ಆದರೆ ನಡುವಿನ ಐದು ವರ್ಷದಲ್ಲಿ ‘ಪಾರ್ಕಿಂಗ್ ಉಳಿಯುತ್ತೆ’ ಅಂತ ಲೆಕ್ಕ ಹಾಕಿ ಯಾರಾದರೂ ಪಾಯಿಂಟ್ ಕೊಂಡಿದ್ದರೆ, ಆ ಲೆಕ್ಕ ಒಂದೇ ದಿನದಲ್ಲಿ ಸೊನ್ನೆ ಆಯ್ತು.

ಹೆಂಡತಿಗೆ ಇವತ್ತೇ ಹೇಳಿ. ಒಪ್ಪಂದದಲ್ಲಿ ಅವರ ಸಹಿಯೂ ಇದ್ದರೆ ರದ್ದು ಪತ್ರಕ್ಕೂ ಇಬ್ಬರೂ ಸಹಿ ಮಾಡಿ ಕಳಿಸುವುದು ಒಳ್ಳೆಯದು. (ಇವರು 8ನೇ ದಿನ ಪತ್ರ ಕಳಿಸಿದರಂತೆ, ಮೊನ್ನೆ ತಿಳಿಸಿದರು. ಮನಸ್ಸಿಗೆ ನಿರಾಳ ಆಯ್ತು.)

ಪ್ರಶ್ನೆ: ವ್ಯಾಲೆಟ್ ಫ್ರೀ ಅಂದ ಮೇಲೂ ಟಿಪ್ಸ್ ಕೊಡಬೇಕಾ? ನಾವು ಲಾಸ್ ವೇಗಸ್‌ಗೆ ಹೋಗುತ್ತಿದ್ದೇವೆ, ಅಪ್ಪ ಅಮ್ಮನೂ ಇರುತ್ತಾರೆ.
*– ಓದುಗರು, ಸ್ಯಾನ್ ಹೋಸೆ*

ಕೊಡಿ. ಕಾರು ತಂದುಕೊಟ್ಟಾಗ 2ರಿಂದ 5 ಡಾಲರ್ ಕೊಡುವುದು ಅಲ್ಲಿನ ರೂಢಿ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಟಿಪ್ಸ್ ಬರುವ ಕೆಲಸದವರಿಗೆ ಮಾಲೀಕರು ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಬದಲಾಗಿಲ್ಲ. ನೆವಾಡಾದಲ್ಲಿ, ನಿಮ್ಮ ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ, ಅಲ್ಲಿ ಪೂರ್ತಿ ಕನಿಷ್ಠ ಕೂಲಿ ಕೊಟ್ಟೇ ತೀರಬೇಕು. ಆದರೂ ಬಿಸಿಲಲ್ಲಿ ಓಡಾಡುವ ಹುಡುಗರು ಅವರು, ಮನಸ್ಸು ಹಿಂಜರಿಯದೆ ಕೊಡಿ. ದಿನಕ್ಕೆ ಎರಡು ಸಲ ಕಾರು ತೆಗೆಸಿದರೆ ವಾರಕ್ಕೆ 40–50 ಡಾಲರ್ ಹೀಗೇ ಹೋಗುತ್ತದೆ ಅನ್ನುವುದನ್ನು ಮಾತ್ರ ಮೊದಲೇ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ವೇಗಸ್ ಅಂದರೆ ಪಾರ್ಕಿಂಗ್ ಪುಕ್ಕಟೆ ಅನ್ನುವ ಹಳೆ ನೆನಪು ನಿಮ್ಮ ತಂದೆಯವರಿಗೆ ಇರಬಹುದು. 2016ರಲ್ಲಿ ಎಂಜಿಎಂ ಕಂಪನಿ ಅಲ್ಲಿನ ಮುಖ್ಯ ಬೀದಿಯ ತನ್ನ ಹೋಟೆಲ್‌ಗಳಲ್ಲಿ ದುಡ್ಡು ತೆಗೆದುಕೊಳ್ಳಲು ಶುರು ಮಾಡಿತು, ಆಮೇಲೆ ಬೇರೆಯವರೂ ಅದೇ ದಾರಿ ಹಿಡಿದರು. ನೀವು ಉಳಿಯುವ ಜಾಗದಲ್ಲಿ ಫ್ರೀ ಇದ್ದರೂ ರಾತ್ರಿ ಊಟಕ್ಕೆ ಹೋಗುವ ಕಡೆ ಇರುತ್ತದೆ ಅಂತಿಲ್ಲ. ಇನ್ನೊಂದು ವಿಷಯ. 2025ರ ಮೇ 12ರಿಂದ ಅಮೆರಿಕದಲ್ಲಿ ಹೋಟೆಲ್ ರೂಮಿನ ದರ ತೋರಿಸುವಾಗ ಕಡ್ಡಾಯವಾಗಿ ಕೊಡಬೇಕಾದ ರೆಸಾರ್ಟ್ ಫೀ ಎಲ್ಲ ಸೇರಿಸಿಯೇ ತೋರಿಸಬೇಕು ಅನ್ನುವ ನಿಯಮ ಬಂದಿದೆ. ಪಾರ್ಕಿಂಗ್ ಬೇಕಾದವರಿಗೆ ಮಾತ್ರ ಅಂತಿದ್ದರೆ ಆ ದರದಲ್ಲಿ ಸೇರುವುದಿಲ್ಲ, ಹಾಗಾಗಿ ಅದನ್ನು ಪ್ರತ್ಯೇಕವಾಗಿ ಕೇಳಿ.

ಪ್ರಶ್ನೆ: ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಬೆಂಗಳೂರಿನ ಒಂದು ಹೋಟೆಲ್‌ಗೆ ಮದುವೆಗೆ ಹೋಗಿದ್ದಾಗ ವ್ಯಾಲೆಟ್‌ಗೆ ಕಾರು ಕೊಟ್ಟೆ. ವಾಪಸ್ ಬಂದಾಗ ಬಲಗಡೆ ಬಾಗಿಲು ನೆಗ್ಗಿತ್ತು. ಕೇಳಿದರೆ, ಚೀಟಿ ಹಿಂದೆ ‘ಮಾಲೀಕರದೇ ಜವಾಬ್ದಾರಿ’ ಅಂತ ಬರೆದಿದೆ ನೋಡಿ, ಇದು ಫ್ರೀ ಸರ್ವಿಸ್ ಅಂದರು. ಸುಮ್ನೆ ಬಿಡಬೇಕಾ?
*– ಓದುಗರು, ಹುಬ್ಬಳ್ಳಿ*

ಬಿಡಬೇಡಿ. ಅಮೆರಿಕದ ಪತ್ರಗಳ ನಡುವೆ ನಿಮ್ಮದನ್ನು ಬೇಕೆಂದೇ ಸೇರಿಸಿದ್ದೇನೆ. ಪುಕ್ಕಟೆ ವ್ಯಾಲೆಟ್ ನಿಜಕ್ಕೂ ಪುಕ್ಕಟೆಯಾ ಅನ್ನುವ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟ್ ಮುಂದೆಯೇ ಬಂದಿತ್ತು.

1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲ್‌ನಲ್ಲಿ ಒಬ್ಬರು ತಮ್ಮ ಮಾರುತಿ ಝೆನ್ ಕಾರನ್ನು ವ್ಯಾಲೆಟ್‌ಗೆ ಕೊಟ್ಟು ಒಳಗೆ ಹೋದರು. ರಾತ್ರಿ ಒಂದು ಗಂಟೆ ಹೊತ್ತಿಗೆ ಹೊರಗೆ ಬಂದರೆ ಕಾರು ಇಲ್ಲ, ಬೇರೆ ಯಾರೋ ಒಯ್ದಿದ್ದರು. ಇನ್ಶೂರೆನ್ಸ್ ಕಂಪನಿ ಮಾಲೀಕರಿಗೆ ದುಡ್ಡು ಕೊಟ್ಟು, ಮಾಲೀಕರ ಜೊತೆ ಸೇರಿ ಹೋಟೆಲ್ ಮೇಲೆ ಗ್ರಾಹಕರ ಕೋರ್ಟಿಗೆ ಹೋಯಿತು. ಚೀಟಿಯ ಮೇಲೆ ‘ಮಾಲೀಕರದೇ ಜವಾಬ್ದಾರಿ’ ಅಂತ ಅಚ್ಚಾಗಿತ್ತು, ನಿಮ್ಮದರ ಹಾಗೇ. ಸುಪ್ರೀಂ ಕೋರ್ಟಿನ ತೀರ್ಪು ಬಂದಿದ್ದು 2019ರ ನವೆಂಬರ್ 14ಕ್ಕೆ. ಕಾರು ಹೋಟೆಲ್‌ನವರ ಕೈಗೆ ಒಪ್ಪಿಸಿದ ಮೇಲೆ ಅದನ್ನು ಜೋಪಾನವಾಗಿ ನೋಡಿಕೊಳ್ಳುವುದು ಅವರ ಹೊಣೆ, ತಮ್ಮ ಬೇಜವಾಬ್ದಾರಿಯಿಂದ ನಷ್ಟ ಆದಾಗ ಆ ಅಚ್ಚಾದ ಸಾಲು ತೋರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತ ಕೋರ್ಟು ಹೇಳಿತು. ಫ್ರೀ ಅನ್ನುವ ಮಾತಿಗೂ ಉತ್ತರ ಕೊಟ್ಟಿತು. ವ್ಯಾಲೆಟ್‌ಗೆ ಅಂತ ಬೇರೆ ದುಡ್ಡು ಪಡೆಯದಿದ್ದರೂ ರೂಮು, ಊಟ, ಪ್ರವೇಶ ಅಂತ ಗ್ರಾಹಕರು ಕೊಡುವ ದುಬಾರಿ ದರದಲ್ಲೇ ಅದರ ಬೆಲೆ ಸೇರಿರುತ್ತದೆ ಅನ್ನುವುದು ಅದರ ಸಾರ. ಈ ಪೀಠದಲ್ಲಿದ್ದವರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ ಮತ್ತು ನ್ಯಾಯಮೂರ್ತಿ ಅಜಯ್ ರಸ್ತೋಗಿ. ಶಾಂತನಗೌಡರ ಅವರು 2021ರಲ್ಲಿ ತೀರಿಕೊಂಡರು. ಈ ತೀರ್ಪು ಓದುವಾಗೆಲ್ಲ ಅವರ ಬಗ್ಗೆ ನನಗೆ ಗೌರವ ಮೂಡುತ್ತದೆ, ಸಾಮಾನ್ಯ ಜನ ಚೀಟಿ ಹಿಡಿದು ನಿಂತ ಜಾಗದಿಂದ ನೋಡಿ ಬರೆದ ಹಾಗಿದೆ.

ಆ ಕೇಸು ಕಳ್ಳತನದ್ದು, ನಿಮ್ಮದು ಬಾಗಿಲು ನೆಗ್ಗಿದ್ದು. ಆದರೂ ಅದೇ ವಾದ ನಿಮ್ಮ ಸಹಾಯಕ್ಕೆ ಬರುತ್ತದೆ. ಚೀಟಿ ಬಿಸಾಡಬೇಡಿ. ಅವತ್ತಿನ ಫೋಟೋ, ಗ್ಯಾರೇಜಿನ ಬಿಲ್ಲು, ಮದುವೆಯ ಕರೆಯೋಲೆ ಎಲ್ಲ ಒಂದು ಕವರಿಗೆ ಹಾಕಿ. ಸಿಸಿಟಿವಿ ದೃಶ್ಯ ಉಳಿಸಿಡಿ ಅಂತ ಹೋಟೆಲ್‌ಗೆ ಈಗಲೇ ಬರೆಯಿರಿ, ತಡ ಮಾಡಿದರೆ ಅಳಿಸಿ ಹೋಗುತ್ತದೆ. ಅವರು ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ಘಟನೆ ನಡೆದ ಎರಡು ವರ್ಷದ ಒಳಗೆ ಕೊಡಬೇಕು. ಸೇವೆಗೆ ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು, ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾಗಿಲ್ಲ.

ಮುಂದಿನ ಸಲಕ್ಕೆ ಒಂದು ಅಭ್ಯಾಸ ಮಾಡಿಕೊಳ್ಳಿ. ಕೀ ಕೊಡುವ ಮೊದಲು ಕಾರಿನ ಸುತ್ತ ಒಂದು ಸಲ ಫೋನ್ ಹಿಡಿದು ವಿಡಿಯೋ ಮಾಡಿ, ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದೂ ಕಾಣಲಿ. ಅರ್ಧ ನಿಮಿಷ ಸಾಕು.

ಪ್ರಶ್ನೆ: ಕೊಡಗು, ಊಟಿ ಎಲ್ಲ ಕಡೆ ಉಳಿಯಬಹುದು, 25 ವರ್ಷದ ಮೆಂಬರ್‌ಶಿಪ್, ಪಾರ್ಕಿಂಗ್ ಫ್ರೀ ಅಂತ ಮಾಲ್‌ನಲ್ಲಿ ಹಿಡಿದು ಕೂರಿಸಿದ್ದರು. ತಗೊಳ್ಳಬಹುದಾ?
*– ಓದುಗರು, ದಾವಣಗೆರೆ*

ಕೊಡಗಿನಲ್ಲಿ ಪಾರ್ಕಿಂಗ್ ಫ್ರೀ ಅನ್ನುವುದು ಮೆಂಬರ್‌ಶಿಪ್ ಕೊಳ್ಳಲು ಕಾರಣವೇ ಅಲ್ಲ, ಅಲ್ಲಿ ಹೋಂಸ್ಟೇನಲ್ಲೂ ಅಂಗಳದಲ್ಲೇ ಕಾರು ನಿಲ್ಲುತ್ತದೆ. ನೀವು ಕೇಳಬೇಕಾದ್ದು ವರ್ಷದ ಫೀ ಎಷ್ಟು, ಅದರ ಮೇಲೆ ನೂರಕ್ಕೆ 18ರ ಜಿಎಸ್‌ಟಿ ಸೇರಿಸಿ ಹೇಳುತ್ತಿದ್ದಾರಾ, ಆ ಫೀ ಪ್ರತಿ ವರ್ಷ ಯಾವ ಲೆಕ್ಕದಲ್ಲಿ ಏರುತ್ತದೆ ಅಂತ. ಈಗಾಗಲೇ ಮೆಂಬರ್ ಆಗಿರುವ ಪರಿಚಯದವರೊಬ್ಬರನ್ನು ಹಿಡಿದು, ಮೇ ತಿಂಗಳ ರಜೆಯಲ್ಲಿ ಅವರಿಗೆ ಕೊನೆಯ ಸಲ ಯಾವ ವರ್ಷ ಕೊಡಗಿನಲ್ಲಿ ರೂಮ್ ಸಿಕ್ಕಿತ್ತು ಅಂತ ಕೇಳಿ. ಅವರ ಉತ್ತರ ಕೇಳಿದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.